ರಾಷ್ಟ್ರತಂಡದ ಆಯ್ಕೆ: ಅಶ್ವಲಂಘನ ಸ್ಪರ್ಧೆಯ ಇತಿಹಾಸದಿಂದ ಒಂದು ವಿವೇಚನೆ

ಒಂದು ದೇಶದ ಹೆಸರಿನಲ್ಲಿ ಕಣಕ್ಕಿಳಿಯತಕ್ಕವರು ಯಾರು, ಅವರನ್ನು ಆರಿಸುವ ಅಧಿಕಾರ ಯಾರದು, ಆ ಆಯ್ಕೆ ನ್ಯಾಯವಾದುದೆಂದು ಹೊರಗಿನವರಿಗೆ ತೋರಿಸಿಕೊಡುವುದು ಹೇಗೆ ಎಂಬ ಮೂರು ಪ್ರಶ್ನೆಗಳು ಎಲ್ಲ ಕ್ರೀಡೆಗಳಲ್ಲಿಯೂ ಏಳುತ್ತವೆ. ಓಟದ ಸ್ಪರ್ಧೆಯಲ್ಲಿ ಇವಕ್ಕೆ ಉತ್ತರ ಕೊಡುವುದು ಅಷ್ಟು ಕಷ್ಟವಲ್ಲ. ನೂರು ಮೀಟರು ಎಲ್ಲಿ ಅಳೆದರೂ ನೂರು ಮೀಟರೇ. ಯಾರು ಮುಂದೆ, ಯಾರು ಹಿಂದೆ ಎಂಬುದನ್ನು ಗಡಿಯಾರ ಹೇಳುತ್ತದೆ. ಕುದುರೆಯನ್ನೇರಿ ತಡೆಗಳನ್ನು ದಾಟುವ ಷೋ ಜಂಪಿಂಗ್ ಸ್ಪರ್ಧೆಯಲ್ಲಿ ಹಾಗಿಲ್ಲ. ಈ ಲೇಖನದಲ್ಲಿ ಅಶ್ವಲಂಘನವೆಂದು ಕರೆದಿರುವ ಆ ಕ್ರೀಡೆಯಲ್ಲಿ ಪ್ರತಿಯೊಂದು ಕಣದ ತಡೆಗಳ ಜೋಡಣೆಯೂ ಬೇರೆ, ನೆಲವೂ ಬೇರೆ, ಎದುರಾಳಿಗಳೂ ಬೇರೆ. ಅದಕ್ಕಿಂತ ಮುಖ್ಯವಾಗಿ, ಅಲ್ಲಿ ಆರಿಸಬೇಕಾದುದು ಒಬ್ಬ ಮನುಷ್ಯನನ್ನಲ್ಲ. ಸವಾರ ಮತ್ತು ಕುದುರೆಗಳ ಒಂದು ಜೋಡಿಯನ್ನು.

ಸುಮಾರು ನೂರು ವರ್ಷಗಳ ಅವಧಿಯಲ್ಲಿ ಈ ಆಯ್ಕೆ ಮೂರು ಆಧಾರಗಳನ್ನು ಒಂದಾದ ಮೇಲೊಂದರಂತೆ ಅವಲಂಬಿಸಿದೆ. ಅವು ಪದವಿ, ಬಲ್ಲವರ ವಿವೇಚನೆ ಮತ್ತು ಬರೆದಿಟ್ಟ ನಿಯಮ. ಪ್ರತಿಯೊಂದು ಆಧಾರವೂ ತನ್ನ ಹಿಂದಿನದರ ಕೊರತೆಯನ್ನು ನೀಗುವುದಕ್ಕೆಂದು ಬಂದಿತು. ಆದರೆ ಯಾವುದೂ ಹಿಂದಿನದನ್ನು ಪೂರ್ತಿಯಾಗಿ ತೊಡೆದುಹಾಕಲಿಲ್ಲ. ಈ ಬೆಳವಣಿಗೆಯನ್ನು ಸಂಕ್ಷೇಪವಾಗಿ ನಿರೂಪಿಸುವುದು ಪ್ರಕೃತ ಲೇಖನದ ಉದ್ದೇಶ. ವಿಷಯ ದೂರದ್ದೆಂದು ತೋರಬಹುದು. ಆಯ್ಕೆ ಸಮಿತಿಗಳಲ್ಲಿ ಕುಳಿತುಕೊಳ್ಳಬೇಕಾಗಿ ಬರುವ ಅಧ್ಯಾಪಕರಿಗೂ ಅಂತಹ ಸಮಿತಿಗಳ ಮುಂದೆ ನಿಲ್ಲಬೇಕಾದ ವಿದ್ಯಾರ್ಥಿಗಳಿಗೂ ಅದು ಅಷ್ಟು ದೂರದ್ದಲ್ಲವೆಂದು ನನ್ನ ನಂಬಿಕೆ.

೧. ಆರಿಸುವುದು ಯಾರನ್ನು?

ಮೊದಲು ಆಟದ ಸ್ವರೂಪವನ್ನು ತಿಳಿಯಬೇಕು. ಕಣದಲ್ಲಿ ಹನ್ನೆರಡೋ ಹದಿನಾಲ್ಕೋ ತಡೆಗಳನ್ನು ನಿಲ್ಲಿಸಿರುತ್ತಾರೆ. ಉನ್ನತ ಮಟ್ಟದ ಸ್ಪರ್ಧೆಗಳಲ್ಲಿ ಅವುಗಳ ಎತ್ತರ ೧.೬೦ ಮೀಟರಿನ ಆಸುಪಾಸಿನಲ್ಲಿರುತ್ತದೆ. ಕುದುರೆಯ ಕಾಲು ತಗಲಿ ಅಡ್ಡಕೋಲು ಕೆಳಗೆ ಬಿದ್ದರೆ ನಾಲ್ಕು ದಂಡಾಂಕ. ಕುದುರೆ ಹಾರಲು ನಿರಾಕರಿಸಿ ತಡೆಯ ಮುಂದೆ ನಿಂತುಬಿಟ್ಟರೆ ಮೊದಲ ಸಲ ನಾಲ್ಕು ದಂಡಾಂಕ. ಇಂದಿನ ನಿಯಮದಂತೆ ಎರಡನೆಯ ಸಲಕ್ಕೆ ಜೋಡಿಯನ್ನೇ ಸ್ಪರ್ಧೆಯಿಂದ ಹೊರಗಿಡುತ್ತಾರೆ. ಗೊತ್ತಾದ ಕಾಲವನ್ನು ಮೀರಿದರೆ ಅದಕ್ಕೂ ದಂಡವುಂಟು. ಕಡಿಮೆ ದಂಡಾಂಕ ಪಡೆದವರು ಗೆಲ್ಲುತ್ತಾರೆ. ಸವಾರಿಯ ಅಂದಚೆಂದಗಳಿಗೆ ಇಲ್ಲಿ ಅಂಕವಿಲ್ಲ.

ಲೆಕ್ಕ ಇಷ್ಟು ಸರಳವಾಗಿದ್ದರೂ ಆಯ್ಕೆ ಸರಳವಲ್ಲ. ಸವಾರ ಎಷ್ಟೇ ನಿಪುಣನಾದರೂ ತಕ್ಕ ಕುದುರೆಯಿಲ್ಲದಿದ್ದರೆ ಅವನ ನೈಪುಣ್ಯ ವ್ಯರ್ಥ. ಒಲಿಂಪಿಕ್ ಅಶ್ವಲಂಘನದಲ್ಲಿ ಭಾಗವಹಿಸುವ ಕುದುರೆಗೆ ಕನಿಷ್ಠ ಒಂಬತ್ತು ವರ್ಷ ವಯಸ್ಸಾಗಿರಬೇಕು. ಅದರ ಒಡೆಯರೂ ಸವಾರನೂ ಒಂದೇ ದೇಶದವರಾಗಿರಬೇಕು. ಈ ಒಡೆತನ ಕ್ರೀಡಾಕೂಟದ ವರ್ಷದ ಜನವರಿ ೧೫ರೊಳಗೆ ದಾಖಲಾಗಿರಬೇಕೆಂಬುದು ಇತ್ತೀಚಿನ ಕೂಟಗಳ ನಿಯಮ. ಇದಲ್ಲದೆ, ಆ ಸವಾರ ಆ ಕುದುರೆಯೊಡನೆಯೇ ನಿಗದಿಯಾದ ಅರ್ಹತಾಮಟ್ಟವನ್ನು ಮುಟ್ಟಿರಬೇಕು. ಬೇರೊಂದು ಕುದುರೆಯ ಮೇಲೆ ಗಳಿಸಿದ ಯಶಸ್ಸು ಲೆಕ್ಕಕ್ಕೆ ಬಾರದು. ಸಾಮಾನ್ಯವಾಗಿ ಇಂತಹ ಕುದುರೆಗಳು ಸವಾರರ ಸ್ವಂತದ್ದಾಗಿರದೆ ಧನಿಕರಾದ ಒಡೆಯರಿಗೆ ಸೇರಿರುತ್ತವೆ. ಒಡೆಯರು ಮನಸ್ಸು ಬದಲಿಸಿ ಕುದುರೆಯನ್ನು ಮಾರಿಬಿಟ್ಟರೆ ನಾಲ್ಕು ವರ್ಷಗಳ ಸಿದ್ಧತೆ ಒಂದೇ ದಿನದಲ್ಲಿ ಮುಗಿದುಹೋಗುತ್ತದೆ. ಕುದುರೆಯ ಕಾಲಿನಲ್ಲೊಂದು ಸಣ್ಣ ಬಾವು ಕಾಣಿಸಿಕೊಂಡರೂ ಹಾಗೆಯೇ.

ಇನ್ನೊಂದು ಸಂಗತಿಯನ್ನೂ ಇಲ್ಲಿಯೇ ಹೇಳಬೇಕು. ಒಲಿಂಪಿಕ್ ತಂಡದ ಸ್ಥಾನ ಅರ್ಹತಾ ಸ್ಪರ್ಧೆಗಳ ಮೂಲಕ ದೇಶಕ್ಕೆ ದೊರೆಯುವಂಥದು. ಅದನ್ನು ಗಳಿಸಿಕೊಟ್ಟ ಸವಾರರೇ ಮುಂದೆ ಆ ಸ್ಥಾನದಲ್ಲಿ ನಿಲ್ಲುವರೆಂಬ ಖಾತರಿ ಇಲ್ಲ. ಗಳಿಸಿದವರು ಒಬ್ಬರು, ಅನುಭವಿಸುವವರು ಇನ್ನೊಬ್ಬರು ಆಗಬಹುದು. ಆಯ್ಕೆಯ ವಿವಾದಗಳಲ್ಲಿ ಅನೇಕವು ಹುಟ್ಟುವುದು ಇಲ್ಲಿಯೇ.

೨. ಪದವಿಯ ಕಾಲ

ಆಧುನಿಕ ಅಶ್ವಲಂಘನವನ್ನು ಬೆಳೆಸಿದವು ಯೂರೋಪಿನ ಸೇನೆಗಳ ಅಶ್ವದಳಗಳು. ಇಟಲಿಯ ಅಧಿಕಾರಿ ಫೆಡೆರಿಕೊ ಕಪ್ರಿಲ್ಲಿ (೧೮೬೮–೧೯೦೭) ಜಿಗಿಯುವಾಗ ಸವಾರ ಹಿಂದಕ್ಕೆ ವಾಲದೆ ಮುಂದಕ್ಕೆ ಬಾಗಿ ಕುದುರೆಯ ಚಲನೆಗೆ ಹೊಂದಿಕೊಳ್ಳಬೇಕೆಂದು ತೋರಿಸಿಕೊಟ್ಟ ಮೇಲೆ ಈ ವಿದ್ಯೆಯ ರೀತಿಯೇ ಬದಲಾಯಿತು. ೧೯೧೨ರ ಸ್ಟಾಕ್‌ಹೋಮ್ ಒಲಿಂಪಿಕ್ ಕೂಟದಲ್ಲಿ ಅಶ್ವಸ್ಪರ್ಧೆಗಳು ಭದ್ರವಾದ ಸ್ಥಾನ ಪಡೆದವು. ೧೯೨೧ರಲ್ಲಿ ಅಂತರರಾಷ್ಟ್ರೀಯ ಅಶ್ವಕ್ರೀಡಾ ಒಕ್ಕೂಟ ಸ್ಥಾಪಿತವಾಯಿತು. ೧೯೨೬ರಲ್ಲಿ ಡಬ್ಲಿನ್ ನಗರದಲ್ಲಿ ಆರಂಭವಾಗಿ ಇಂದಿಗೂ ಪ್ರಸಿದ್ಧವಾಗಿರುವ ಆಗಾ ಖಾನ್ ಪಾರಿತೋಷಕ ಮೊದಲಿಗೆ ಸೈನಿಕ ತಂಡಗಳ ನಡುವಣ ಪಂದ್ಯವಾಗಿತ್ತು.

ಅಂದಿನ ದಿನಗಳಲ್ಲಿ ರಾಷ್ಟ್ರತಂಡವೆಂದರೆ ಬಹುಮಟ್ಟಿಗೆ ಸೇನೆಯ ತಂಡ. ಕುದುರೆ ಸರ್ಕಾರದ್ದು, ಶಿಕ್ಷಣ ಅಶ್ವಶಾಲೆಯದು, ಆಜ್ಞೆ ಮೇಲಧಿಕಾರಿಯದು. ಆಯ್ಕೆಗೆ ಒಳಪಡುವ ಯೋಗ್ಯತೆಯೇ ಪದವಿಯಿಂದ ನಿಶ್ಚಯವಾಗುತ್ತಿತ್ತು. ೧೯೪೮ರವರೆಗೆ ಒಲಿಂಪಿಕ್ ಅಶ್ವಸ್ಪರ್ಧೆಗಳ ಬಾಗಿಲು ಸೇನೆಯ ನಿಯುಕ್ತಾಧಿಕಾರಿಗಳಿಗೂ ಸಂಭಾವಿತ ವರ್ಗದವರೆನಿಸಿದ ಹವ್ಯಾಸಿ ಸವಾರರಿಗೂ ಮಾತ್ರ ತೆರೆದಿತ್ತು. ಕೆಳದರ್ಜೆಯ ಸೈನಿಕನಿಗೆ ಅಲ್ಲಿ ಪ್ರವೇಶವಿರಲಿಲ್ಲ; ಸ್ತ್ರೀಯರಿಗೂ ಇರಲಿಲ್ಲ.

ಈ ನಿಯಮದ ನಿಜಸ್ವರೂಪವನ್ನು ಬಯಲಿಗೆಳೆದದ್ದು ಅಶ್ವಲಂಘನದ ಸೋದರ ವಿಭಾಗವಾದ ಡ್ರೆಸಾಜ್‌ನಲ್ಲಿ, ಎಂದರೆ ಕುದುರೆಯ ಶಿಕ್ಷಿತ ನಡೆಗಳನ್ನು ತೀರ್ಪುಗಾರರು ಅಳೆಯುವ ಸ್ಪರ್ಧೆಯಲ್ಲಿ, ನಡೆದ ಒಂದು ಘಟನೆ. ೧೯೪೮ರ ಲಂಡನ್ ಕೂಟದಲ್ಲಿ ಸ್ವೀಡನ್ ತಂಡ ಚಿನ್ನದ ಪದಕ ಗಳಿಸಿತು. ತಂಡದ ಮೂವರಲ್ಲಿ ಗೆನಲ್ ಪೆರ್ಸನ್ ಎಂಬಾತ ನಿಯುಕ್ತಾಧಿಕಾರಿಯಾಗಿರಲಿಲ್ಲ. ಕೂಟಕ್ಕೆ ಮುನ್ನ ಆತನನ್ನು ಲೆಫ್ಟಿನೆಂಟ್ ಪದವಿಗೆ ಏರಿಸಿ, ಕೂಟ ಮುಗಿದ ಕೆಲವು ವಾರಗಳಲ್ಲಿಯೇ ಮತ್ತೆ ಕೆಳಕ್ಕಿಳಿಸಿದ್ದರು. ವಿಷಯ ಬೆಳಕಿಗೆ ಬಂದಾಗ ೧೯೪೯ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟ ಸ್ವೀಡನ್ ತಂಡವನ್ನು ಅನರ್ಹಗೊಳಿಸಿತು. ಚಿನ್ನ ಫ್ರಾನ್ಸಿಗೆ ಹೋಯಿತು. ಸವಾರಿಯಲ್ಲಿ ಯಾವ ಕುಂದೂ ಇರಲಿಲ್ಲ. ಕುಂದು ಇದ್ದದ್ದು ಭುಜದ ಮೇಲಿನ ಪಟ್ಟಿಯಲ್ಲಿ.

ತರುವಾಯ ನಿಯಮವೇ ಬದಲಾಯಿತು. ೧೯೫೨ರ ಹೆಲ್ಸಿಂಕಿ ಕೂಟದ ವೇಳೆಗೆ ಕೆಳದರ್ಜೆಯ ಸೈನಿಕರಿಗೂ, ಡ್ರೆಸಾಜ್‌ನಲ್ಲಿ ಸ್ತ್ರೀಯರಿಗೂ ಅವಕಾಶ ದೊರೆಯಿತು. ಪೆರ್ಸನ್ ಸೇರಿದಂತೆ ಅದೇ ಮೂವರು ೧೯೫೨ರಲ್ಲಿಯೂ ೧೯೫೬ರಲ್ಲಿಯೂ ಸ್ವೀಡನ್ನಿಗೆ ಚಿನ್ನ ಗೆದ್ದುಕೊಟ್ಟರು. ಪದವಿಯ ಗೋಡೆ ಪ್ರತಿಭೆಯನ್ನು ಹೊರಗಿಟ್ಟಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಅಶ್ವಲಂಘನದಲ್ಲಿ ಸ್ತ್ರೀಯರು ಇನ್ನೂ ನಾಲ್ಕು ವರ್ಷ ಕಾಯಬೇಕಾಯಿತು. ಕುದುರೆಗಳ ಆಮದಿಗೆ ಸಂಬಂಧಿಸಿದ ಆಸ್ಟ್ರೇಲಿಯದ ಕಟ್ಟುನಿಟ್ಟುಗಳ ಕಾರಣದಿಂದ ೧೯೫೬ರ ಅಶ್ವಸ್ಪರ್ಧೆಗಳು ಮೆಲ್ಬೋರ್ನಿನ ಬದಲು ಸ್ಟಾಕ್‌ಹೋಮ್‌ನಲ್ಲಿ ನಡೆದವು. ಅಲ್ಲಿ ಬ್ರಿಟನ್ನಿನ ಪ್ಯಾಟ್ ಸ್ಮೈತ್ ಫ್ಲಾನಗನ್ ಎಂಬ ಕುದುರೆಯನ್ನೇರಿ ತಂಡದ ಕಂಚಿನ ಪದಕದಲ್ಲಿ ಪಾಲುಗಾರ್ತಿಯಾದರು.

೩. ಬಲ್ಲವರ ವಿವೇಚನೆ

ಎರಡನೆಯ ಮಹಾಯುದ್ಧದ ಅನಂತರ ಸೇನೆಗಳು ಯಂತ್ರವಾಹನಗಳಿಗೆ ತಿರುಗಿದುವು. ಅಶ್ವದಳಗಳು ಒಂದೊಂದಾಗಿ ಮುಚ್ಚಿದುವು. ಸೇನೆ ನಿರ್ವಹಿಸುತ್ತಿದ್ದ ಹೊಣೆಯನ್ನು ನಾಗರಿಕ ಸಂಸ್ಥೆಗಳು ಹೊರಬೇಕಾಯಿತು. ಪದವಿಯ ಆಧಾರ ಕಳಚಿಬಿದ್ದಾಗ ಅದರ ಸ್ಥಾನಕ್ಕೆ ಬಂದದ್ದು ಅನುಭವಿಗಳ ಕಣ್ಣು ಮತ್ತು ಮಾತು. ಇದೂ ಒಂದು ರೀತಿಯಲ್ಲಿ ಅಶ್ವದಳದ ಬಳುವಳಿಯೇ. ಏಕೆಂದರೆ ಆ ಅನುಭವಿಗಳಲ್ಲಿ ಅನೇಕರು ಹಿಂದಿನ ಅಶ್ವದಳಾಧಿಕಾರಿಗಳು.

ಬ್ರಿಟನ್ನಿನಲ್ಲಿ ಈ ಕ್ರೀಡೆಯನ್ನು ಹೊಸದಾಗಿ ಕಟ್ಟಿದವರು ಕರ್ನಲ್ ಮೈಕ್ ಆನ್ಸೆಲ್. ೧೯೪೦ರಲ್ಲಿ ಯುದ್ಧದಲ್ಲಿ ಗಾಯಗೊಂಡು ದೃಷ್ಟಿ ಕಳೆದುಕೊಂಡ ಈತ ಯುದ್ಧಾನಂತರ ಬ್ರಿಟಿಷ್ ಅಶ್ವಲಂಘನ ಸಂಘದ ಅಧ್ಯಕ್ಷರಾಗಿ ಸ್ಪರ್ಧೆಗಳ ಸ್ವರೂಪವನ್ನೇ ಮಾರ್ಪಡಿಸಿದರು. ಆ ಪ್ರಯತ್ನ ಫಲ ಕೊಟ್ಟದ್ದು ಹೆಲ್ಸಿಂಕಿಯಲ್ಲಿ. ಹ್ಯಾರಿ ಲೆವೆಲಿನ್, ವಿಲ್ಫ್ರೆಡ್ ವೈಟ್, ಡಗ್ಲಸ್ ಸ್ಟೂವರ್ಟ್ ಇವರನ್ನು ಒಳಗೊಂಡ ತಂಡ ಚಿನ್ನ ಗೆದ್ದಿತು. ಆ ಕೂಟದಲ್ಲಿ ಬ್ರಿಟನ್ನಿಗೆ ದೊರೆತ ಚಿನ್ನ ಅದೊಂದೇ.

ಆ ಗೆಲವಿನ ವಿವರ ಆಯ್ಕೆಯ ದೃಷ್ಟಿಯಿಂದ ಬಹಳ ಬೋಧಪ್ರದವಾಗಿದೆ. ಬೆಳಗಿನ ಸುತ್ತಿನಲ್ಲಿ ಲೆವೆಲಿನ್ನರ ಪ್ರಸಿದ್ಧ ಕುದುರೆ ಫಾಕ್ಸ್‌ಹಂಟರ್ ಹದಿನಾರಕ್ಕೂ ಮೀರಿದ ದಂಡಾಂಕಗಳನ್ನು ತಂದಿತು. ಅದೇ ಕುದುರೆ ಮಧ್ಯಾಹ್ನದ ಸುತ್ತಿನಲ್ಲಿ ಒಂದು ಅಡ್ಡಕೋಲನ್ನೂ ಕೆಡವದೆ ಬಂದು ಚಿನ್ನವನ್ನು ಖಚಿತಪಡಿಸಿತು. ಆ ಬೆಳಗಿನ ಸುತ್ತೇ ಆಯ್ಕೆಯ ಪರೀಕ್ಷೆಯಾಗಿದ್ದು, ಅಂಕವೊಂದೇ ನಿರ್ಣಾಯಕವಾಗಿದ್ದ ಪಕ್ಷದಲ್ಲಿ ಫಾಕ್ಸ್‌ಹಂಟರ್ ಮನೆಯಲ್ಲಿಯೇ ಉಳಿಯುತ್ತಿತ್ತು. ಒಂದು ದಿನದ ಫಲವನ್ನು ಹಲವು ವರ್ಷಗಳ ನಡವಳಿಕೆಯೊಡನೆ ತೂಗಿನೋಡುವ ಕೆಲಸವನ್ನು ಬಲ್ಲವರ ವಿವೇಚನೆ ಮಾತ್ರ ಮಾಡಬಲ್ಲುದು. ಈ ಪದ್ಧತಿಯ ಪರವಾಗಿ ಹೇಳಬಹುದಾದ ಅತ್ಯಂತ ಬಲವಾದ ಮಾತು ಇದೇ.

ಅಮೆರಿಕದಲ್ಲಿಯೂ ಇಂತಹದೇ ಬೆಳವಣಿಗೆ ನಡೆಯಿತು. ೧೯೪೮ರವರೆಗೆ ಸೇನೆಯ ತಂಡವೇ ಅಮೆರಿಕದ ತಂಡವಾಗಿತ್ತು. ಅದು ವಿಸರ್ಜನೆಯಾದ ಮೇಲೆ ೧೯೫೦ರ ಹೊತ್ತಿಗೆ ಖಾಸಗಿ ಧನಸಹಾಯದಿಂದ ನಡೆಯುವ ಅಮೆರಿಕದ ಅಶ್ವತಂಡ ಸಂಸ್ಥೆ ಹುಟ್ಟಿತು. ಹಂಗೇರಿಯ ಅಶ್ವದಳದಲ್ಲಿ ಅಧಿಕಾರಿಯಾಗಿದ್ದ ಬೆರ್ತಲನ್ ದ ನೆಮೆತಿ ೧೯೫೫ರಿಂದ ೧೯೮೦ರವರೆಗೆ ಅಶ್ವಲಂಘನ ತಂಡದ ಶಿಕ್ಷಕರಾಗಿದ್ದರು. ತರುಣ ಸವಾರರನ್ನು ಪರೀಕ್ಷಿಸಿ ಆರಿಸುವುದು, ಒಡೆಯರು ಎರವಲು ಕೊಟ್ಟ ಕುದುರೆಗಳಲ್ಲಿ ಯಾರಿಗೆ ಯಾವುದು ಹೊಂದುವುದೆಂದು ಗೊತ್ತುಮಾಡುವುದು, ತಿಂಗಳುಗಟ್ಟಲೆ ಒಂದೆಡೆ ತರಬೇತಿ ಕೊಡುವುದು, ಇವೆಲ್ಲ ಆತನ ದೃಷ್ಟಿಯಂತೆ ನಡೆಯುತ್ತಿದ್ದವು. ಆತನ ಶಿಷ್ಯರಲ್ಲಿ ಒಬ್ಬರಾದ ವಿಲಿಯಂ ಸ್ಟೈನ್‌ಕ್ರಾಸ್ ೧೯೬೮ರ ಮೆಕ್ಸಿಕೊ ಕೂಟದಲ್ಲಿ ವೈಯಕ್ತಿಕ ಚಿನ್ನ ಗೆದ್ದರು.

ಇಂತಹ ಪದ್ಧತಿಯ ಶಕ್ತಿ ಎಲ್ಲಿದೆಯೋ ದೌರ್ಬಲ್ಯವೂ ಅಲ್ಲಿಯೇ ಇದೆ. ಆರಿಸುವವನು ಗುರುವೂ ಆಗಿದ್ದಾಗ ಶಿಷ್ಯನ ಗುಣವನ್ನು ಬಲ್ಲನೆಂಬುದು ಸತ್ಯ. ತನ್ನ ಶಿಷ್ಯನನ್ನೇ ಮೆಚ್ಚುವನೆಂಬ ಸಂಶಯವೂ ಸಹಜ. ಸವಾರರ ಸಂಖ್ಯೆ ಕಡಿಮೆಯಿದ್ದಾಗ ಈ ಸಂಶಯ ಅಷ್ಟಾಗಿ ಬಾಧಿಸಲಿಲ್ಲ. ಸ್ವತಂತ್ರವಾಗಿ ಕುದುರೆ ಸಾಕಿ, ದೇಶದೇಶಗಳಲ್ಲಿ ಸ್ಪರ್ಧಿಸುವ ವೃತ್ತಿಪರ ಸವಾರರು ಹೆಚ್ಚಿದಾಗ "ನನ್ನನ್ನೇಕೆ ಬಿಟ್ಟಿರಿ?" ಎಂಬ ಪ್ರಶ್ನೆಗೆ "ನಮಗೆ ಹಾಗೆ ತೋರಿತು" ಎಂಬ ಉತ್ತರ ಸಾಲದಾಯಿತು.

೪. ಬರೆದಿಟ್ಟ ನಿಯಮ

ಆ ಪ್ರಶ್ನೆ ಕಡೆಗೆ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ೧೯೯೦ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ನಡೆದ ವಿಶ್ವ ಅಶ್ವಕ್ರೀಡಾಕೂಟಕ್ಕೆ ಅಮೆರಿಕದ ಅಶ್ವಲಂಘನ ತಂಡವನ್ನು ಆರಿಸಿದಾಗ ಸ್ಥಾನ ದೊರೆಯದ ಸವಾರರೊಬ್ಬರು ದಾವೆ ಹೂಡಿದರು. ೧೯೯೨ರಲ್ಲಿ ನ್ಯೂಜೆರ್ಸಿ ರಾಜ್ಯದ ಮೇಲ್ಮನವಿ ನ್ಯಾಯಾಲಯ, ೧೯೭೮ರ ಹವ್ಯಾಸಿ ಕ್ರೀಡಾ ಶಾಸನದ ಪ್ರಕಾರ ಇಂತಹ ವ್ಯಾಜ್ಯಗಳಿಗೆ ಕ್ರೀಡಾಡಳಿತದೊಳಗೇ ಮಾರ್ಗವಿರುವುದರಿಂದ ಆ ಮಾರ್ಗವನ್ನೇ ಹಿಡಿಯಬೇಕೆಂದು ಅಭಿಪ್ರಾಯಪಟ್ಟಿತು. ಸವಾರರಿಗೆ ಜಯ ಸಿಗಲಿಲ್ಲ; ಆದರೆ ಹಳೆಯ ಪದ್ಧತಿಗೆ ಪೆಟ್ಟು ಬಿದ್ದಿತ್ತು. ಆ ದಶಕದಲ್ಲಿ ಅಮೆರಿಕದ ಆಯ್ಕೆ ಅಂಕಪ್ರಧಾನವಾದ ಪರೀಕ್ಷಾಸ್ಪರ್ಧೆಗಳ ಕಡೆಗೆ ವಾಲಿತು. ಗೊತ್ತಾದ ಕಣಗಳಲ್ಲಿ ಎಲ್ಲರೂ ಜಿಗಿಯಬೇಕು, ದಂಡಾಂಕಗಳನ್ನು ಕೂಡಬೇಕು, ಮೇಲಿನವರು ತಂಡಕ್ಕೆ ಸೇರಬೇಕು.

ಇದರ ಗುಣ ಸ್ಪಷ್ಟವಾದುದು. ಪ್ರಭಾವಕ್ಕೂ ಪರಿಚಯಕ್ಕೂ ಇಲ್ಲಿ ಎಡೆಯಿಲ್ಲ. ಹೆಸರು ಕೇಳಿರದ ಸವಾರನೂ ಬಂದು ಗೆಲ್ಲಬಹುದು. ಆದರೆ ದೋಷಗಳೂ ಬೇಗನೆ ತೋರಿದವು. ಕುದುರೆ ತನ್ನ ಆಯುಷ್ಯದಲ್ಲಿ ಹಾರಬಹುದಾದ ದೊಡ್ಡ ತಡೆಗಳಿಗೆ ಒಂದು ಮಿತಿಯಿದೆ. ಆಯ್ಕೆಗಾಗಿ ಹಲವು ಸುತ್ತು ಕಠಿಣ ಕಣಗಳಲ್ಲಿ ಓಡಿಸಿದರೆ, ಕೂಟದ ದಿನ ಬರುವ ವೇಳೆಗೆ ಅದರ ಬಲ ಉಡುಗಿರುತ್ತದೆ; ಪರೀಕ್ಷೆಯಲ್ಲಿ ತೇರ್ಗಡೆಯಾದದ್ದು ಪ್ರಯೋಗದಲ್ಲಿ ಸೋಲುತ್ತದೆ. ಪರೀಕ್ಷೆಯ ವಾರದಲ್ಲಿ ಕುಂಟಿದ ಉತ್ತಮ ಕುದುರೆಗೆ ಮತ್ತೊಂದು ಅವಕಾಶವಿರುವುದಿಲ್ಲ.

ಆದ್ದರಿಂದ ಇಂದು ಅಮೆರಿಕ, ಬ್ರಿಟನ್ ಮೊದಲಾದ ದೇಶಗಳಲ್ಲಿ ನಡೆಯುತ್ತಿರುವುದು ಮಿಶ್ರಪದ್ಧತಿ. ಮೊದಲು ಫಲಿತಾಂಶಗಳ ಆಧಾರದ ಮೇಲೆ ದೀರ್ಘಪಟ್ಟಿ. ಅದರಿಂದ ಸೋಸಿದ ಕಿರುಪಟ್ಟಿ. ಕಿರುಪಟ್ಟಿಯವರನ್ನು ಕೆಲವು ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಗಮನಿಸುವುದು. ಕಡೆಗೆ ಆಯ್ಕೆಗಾರರ ನಿರ್ಣಯ. ಇದರಲ್ಲಿ ತಂಡದ ಮುಖ್ಯಸ್ಥನಿಗೆ ದೊಡ್ಡ ಪಾತ್ರವಿದೆ. ಫ್ರೆಂಚ್ ಭಾಷೆಯಿಂದ ಬಂದ ಷೆಫ್ ದೆಕಿಪ್ ಎಂಬ ಹೆಸರಿನಿಂದಲೇ ಆತನನ್ನು ಎಲ್ಲೆಡೆ ಕರೆಯುತ್ತಾರೆ. ವಿವೇಚನೆ ಇಲ್ಲಿ ಮರಳಿ ಬಂದಿದೆಯಾದರೂ ಹಳೆಯ ರೂಪದಲ್ಲಿ ಅಲ್ಲ. ಯಾವ ಸಂಗತಿಗಳನ್ನು ಪರಿಗಣಿಸಲಾಗುವುದು, ಯಾರು ನಿರ್ಣಯಿಸುವರು, ಅಸಮ್ಮತಿಯಿದ್ದರೆ ಎಲ್ಲಿಗೆ ಹೋಗಬೇಕು ಎಂಬುದನ್ನು ಮುಂಚಿತವಾಗಿಯೇ ಬರೆದು ಪ್ರಕಟಿಸಿರುತ್ತಾರೆ. ವಿವೇಚನೆ ಉತ್ತರ ಹೇಳಬೇಕಾದ ಸ್ಥಿತಿಗೆ ಬಂದಿದೆ.

೫. ಎಣಿಕೆಯ ಕ್ರಮವೂ ಆಯ್ಕೆಯೂ

ಯಾರನ್ನು ಆರಿಸಬೇಕೆಂಬುದು ತಂಡದ ಅಂಕಗಳನ್ನು ಎಣಿಸುವ ಕ್ರಮವನ್ನೂ ಅವಲಂಬಿಸಿರುತ್ತದೆ. ರಾಷ್ಟ್ರಗಳ ಪಾರಿತೋಷಕವೆಂದು ಹೆಸರಾದ ಪಂದ್ಯಗಳ ಸಾಂಪ್ರದಾಯಿಕ ಕ್ರಮದಲ್ಲಿ ನಾಲ್ವರು ಜಿಗಿದರೆ ಮೂವರ ಉತ್ತಮ ಫಲಗಳನ್ನಷ್ಟೇ ಎಣಿಸುತ್ತಾರೆ. ಒಬ್ಬನ ಸೋಲನ್ನು ತಂಡ ಮರೆಯಬಹುದು. ಅಲ್ಲಿ ಪ್ರತಿಭೆಯಿದ್ದೂ ಅನುಭವ ಸಾಲದ ಜೋಡಿಗೆ ಅವಕಾಶ ಕೊಡುವುದು ಸಾಧ್ಯ. ಮೂವರೇ ಜಿಗಿದು ಮೂವರ ಫಲವನ್ನೂ ಎಣಿಸುವುದಾದರೆ ಲೆಕ್ಕಾಚಾರವೇ ಬೇರೆ.

೧೯೩೨ರ ಲಾಸ್ ಏಂಜಲಿಸ್ ಕೂಟ ಇದಕ್ಕೆ ಪ್ರಸಿದ್ಧ ನಿದರ್ಶನ. ಅಲ್ಲಿ ಯಾವ ದೇಶದ ಮೂವರೂ ಸುತ್ತನ್ನು ಪೂರೈಸಲಿಲ್ಲವಾಗಿ ತಂಡದ ಪದಕವನ್ನೇ ಕೊಡಲಿಲ್ಲ. ಜಪಾನಿನ ತಕೆಇಚಿ ನಿಷಿ ವೈಯಕ್ತಿಕ ಚಿನ್ನ ಗೆದ್ದರೂ ಅವರ ದೇಶಕ್ಕೆ ತಂಡದ ಫಲ ದೊರೆಯಲಿಲ್ಲ. ೧೯೫೬ರಲ್ಲಿ ಜರ್ಮನಿಯ ಹನ್ಸ್ ಗುಂಟರ್ ವಿಂಕ್ಲರ್ ಮೊದಲ ಸುತ್ತಿನಲ್ಲಿಯೇ ತೊಡೆಸಂದಿನ ಸ್ನಾಯುವಿಗೆ ಪೆಟ್ಟು ಮಾಡಿಕೊಂಡರು. ಅವರು ಹಿಂದೆಗೆದಿದ್ದರೆ ಜರ್ಮನಿಗೆ ತಂಡವೇ ಇರುತ್ತಿರಲಿಲ್ಲ. ನೋವನ್ನು ಸಹಿಸಿ ಅವರು ಎರಡನೆಯ ಸುತ್ತಿಗೆ ಬಂದಾಗ ಹಲ್ಲಾ ಎಂಬ ಅವರ ಹೆಣ್ಣುಕುದುರೆ ಒಂದು ತಪ್ಪೂ ಇಲ್ಲದೆ ಅವರನ್ನು ಹೊತ್ತುತಂದಿತು. ವೈಯಕ್ತಿಕ ಚಿನ್ನವೂ ತಂಡದ ಚಿನ್ನವೂ ಅಂದೇ ದೊರೆತವು. ಆಯ್ಕೆ ಜೋಡಿಯದೆಂದು ಹಿಂದೆ ಹೇಳಿದ ಮಾತಿಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ದೊರೆಯಲಾರದು.

ಅನೇಕ ದಶಕಗಳ ಕಾಲ ನಾಲ್ವರ ತಂಡವನ್ನಿಟ್ಟುಕೊಂಡಿದ್ದ ಒಲಿಂಪಿಕ್ ಕೂಟ, ೨೦೨೧ರಲ್ಲಿ ನಡೆದ ಟೋಕಿಯೊ ಕೂಟದಿಂದ ಮೂವರ ತಂಡಕ್ಕೆ ಮರಳಿತು. ಅಲ್ಲಿ ಪದಕದ ಹಾದಿಯಲ್ಲಿದ್ದ ಫ್ರಾನ್ಸ್, ಒಂದು ಜೋಡಿ ಅಂತಿಮ ಸುತ್ತಿನಲ್ಲಿ ಹೊರಗುಳಿಯಬೇಕಾದುದರಿಂದ ತಂಡವಾಗಿಯೇ ಹೊರಬಿದ್ದಿತು. ೨೦೨೪ರ ಪ್ಯಾರಿಸ್ ಕೂಟದ ಅಂತಿಮ ಸುತ್ತಿನಲ್ಲಿ ಬ್ರಿಟನ್ ೨, ಅಮೆರಿಕ ೪, ಫ್ರಾನ್ಸ್ ೭ ದಂಡಾಂಕಗಳಿಂದ ಕ್ರಮವಾಗಿ ಚಿನ್ನ, ಬೆಳ್ಳಿ, ಕಂಚು ಪಡೆದವು. ಬ್ರಿಟನ್ನಿನ ಮೂವರಲ್ಲಿ ಯಾರೊಬ್ಬರು ಒಂದೇ ಒಂದು ಅಡ್ಡಕೋಲು ಕೆಡವಿದ್ದರೂ ಚಿನ್ನ ಅಮೆರಿಕಕ್ಕೆ ಹೋಗುತ್ತಿತ್ತು. ಇಂತಹ ಎಣಿಕೆಯಲ್ಲಿ ಆಯ್ಕೆಗಾರರು ಒಮ್ಮೆ ಬೆರಗುಗೊಳಿಸಿ ಇನ್ನೊಮ್ಮೆ ಎಡವುವ ಜೋಡಿಗಿಂತ ಸದಾ ಸಮವಾಗಿ ನಡೆಯುವ ಜೋಡಿಯನ್ನು ಬಯಸುವುದು ಅನಿವಾರ್ಯ. ಹೊಸಬರ ದಾರಿ ಅಷ್ಟರಮಟ್ಟಿಗೆ ಕಿರಿದಾಗುತ್ತದೆ.

೬. ನಮ್ಮ ದೇಶದ ಮಾತು

ಭಾರತದಲ್ಲಿಯೂ ಅಶ್ವಕ್ರೀಡೆಗಳ ಮೂಲ ಸೇನೆಯಲ್ಲಿದೆ. ೧೯೮೨ರ ದೆಹಲಿ ಏಷ್ಯನ್ ಕೂಟದಲ್ಲಿ ಡ್ರೆಸಾಜ್, ಬಯಲುಸವಾರಿ, ಅಶ್ವಲಂಘನ ಮೂರೂ ಸೇರಿದ ಈವೆಂಟಿಂಗ್ ಸ್ಪರ್ಧೆಯಲ್ಲಿ ರಘುಬೀರ್ ಸಿಂಗ್ ವೈಯಕ್ತಿಕ ಚಿನ್ನವನ್ನೂ ಭಾರತ ತಂಡ ಚಿನ್ನವನ್ನೂ ಗೆದ್ದವು. ಅದಾದ ಮೇಲೆ ಈ ಕ್ರೀಡೆಗಳಲ್ಲಿ ವೈಯಕ್ತಿಕ ಏಷ್ಯನ್ ಪದಕ ದೊರೆಯಲು ೨೦೧೮ರವರೆಗೆ ಕಾಯಬೇಕಾಯಿತು. ಅದನ್ನು ಜಕಾರ್ತದಲ್ಲಿ ತಂದುಕೊಟ್ಟವರು ಬೆಂಗಳೂರಿನ ಫವಾದ್ ಮಿರ್ಜಾ. ಅವರು ಈವೆಂಟಿಂಗ್‌ನಲ್ಲಿ ವೈಯಕ್ತಿಕ ಬೆಳ್ಳಿಯನ್ನೂ ತಂಡದ ಬೆಳ್ಳಿಯನ್ನೂ ಗಳಿಸಿ, ೨೦೨೧ರಲ್ಲಿ ಟೋಕಿಯೊ ಕೂಟದ ಕಣದಲ್ಲಿಯೂ ನಿಂತರು.

ಆಯ್ಕೆಯ ಪ್ರಶ್ನೆಯನ್ನು ನಮ್ಮಲ್ಲಿ ಸ್ಪಷ್ಟವಾಗಿ ಮುಂದಿಟ್ಟದ್ದು ೨೦೨೪ರ ಪ್ಯಾರಿಸ್ ಕೂಟ. ಡ್ರೆಸಾಜ್‌ನಲ್ಲಿ ದೇಶಕ್ಕೆ ದೊರೆತದ್ದು ಒಂದೇ ಸ್ಥಾನ. ಅರ್ಹತಾಮಟ್ಟ ಮುಟ್ಟಿದವರು ಅನುಷ್ ಅಗರ್‌ವಾಲಾ ಮತ್ತು ಶ್ರುತಿ ವೋರಾ. ರಾಷ್ಟ್ರೀಯ ಒಕ್ಕೂಟ ಇಬ್ಬರ ಅಂತರರಾಷ್ಟ್ರೀಯ ಫಲಿತಾಂಶಗಳ ಸರಾಸರಿಯನ್ನು ಹೋಲಿಸಿ, ಶೇಕಡ ಅರ್ಧಕ್ಕೆ ತುಸು ಹೆಚ್ಚಾದ ಅಂತರದಿಂದ ಮುಂದಿದ್ದ ಅಗರ್‌ವಾಲಾ ಅವರನ್ನು ಆರಿಸಿತು. ಒಬ್ಬರ ಹಣೆಬರಹವನ್ನು ಇಷ್ಟು ಸಣ್ಣ ಅಂತರ ನಿರ್ಧರಿಸಬೇಕೇ ಎಂದು ಕೇಳಬಹುದು. ಆದರೆ ಅಳತೆಯೇನೆಂಬುದು ಎಲ್ಲರಿಗೂ ಕಾಣುವಂತಿತ್ತೆಂಬುದನ್ನು ಒಪ್ಪಬೇಕು. ಡ್ರೆಸಾಜ್‌ನಲ್ಲಿ ಎಲ್ಲರೂ ಒಂದೇ ನಡೆಗಳನ್ನು ಪ್ರದರ್ಶಿಸುವುದರಿಂದ ಸರಾಸರಿಗೆ ಅರ್ಥವಿದೆ. ಕಣದಿಂದ ಕಣಕ್ಕೆ ತಡೆಗಳು ಬದಲಾಗುವ ಅಶ್ವಲಂಘನದಲ್ಲಿ ಅಂತಹ ಸರಾಸರಿ ಅಷ್ಟು ವಿಶ್ವಾಸಾರ್ಹವಲ್ಲ. ಒಂದೆಡೆಯ ನಾಲ್ಕು ದಂಡಾಂಕ ಇನ್ನೊಂದೆಡೆಯ ಶೂನ್ಯಕ್ಕಿಂತ ಹಿರಿದಾದ ಸಾಧನೆಯಾಗಿರಬಹುದು.

೭. ಉಪಸಂಹಾರ

ಈವರೆಗಿನ ನಿರೂಪಣೆಯಿಂದ ಎರಡು ನಿರ್ಣಯಗಳಿಗೆ ಬರಬಹುದೆಂದು ತೋರುತ್ತದೆ. ಮೊದಲನೆಯದಾಗಿ, ನಿಯಮ ಮತ್ತು ವಿವೇಚನೆಗಳು ಪರಸ್ಪರ ಶತ್ರುಗಳಲ್ಲ. ನಿಯಮವಿಲ್ಲದ ವಿವೇಚನೆ ಪಕ್ಷಪಾತವೆಂಬ ಅಪವಾದದಿಂದ ತಪ್ಪಿಸಿಕೊಳ್ಳಲಾರದು. ವಿವೇಚನೆಯಿಲ್ಲದ ನಿಯಮ ಫಾಕ್ಸ್‌ಹಂಟರಿನಂತಹ ಕುದುರೆಯನ್ನು ಮನೆಯಲ್ಲಿ ಬಿಟ್ಟುಹೋಗುತ್ತದೆ. ಆರ್ಹತೆಯ ಅಳತೆಯನ್ನು ಮೊದಲೇ ಸಾರುವುದು, ನಿರ್ಣಯಕ್ಕೆ ಕಾರಣ ಕೊಡುವುದು, ಅಸಮ್ಮತಿಗೆ ಒಂದು ದಾರಿಯಿರಿಸುವುದು, ಈ ಮೂರನ್ನು ಮಾಡಿದ ಮೇಲೆಯೇ ಆಯ್ಕೆಗಾರರು ತಮ್ಮ ಕಣ್ಣನ್ನು ನಂಬುವ ಹಕ್ಕನ್ನು ಪಡೆಯುತ್ತಾರೆ.

ಎರಡನೆಯದು ಇದಕ್ಕಿಂತ ಕಹಿಯಾದ ಮಾತು. ಪೆರ್ಸನ್ನನನ್ನು ಹೊರಗಿಟ್ಟ ಪದವಿಯ ನಿಯಮ ಅಳಿದಿದೆ. ಆದರೆ ಇಂದು ಅಂತರರಾಷ್ಟ್ರೀಯ ಮಟ್ಟದ ಕುದುರೆಯ ಬೆಲೆ, ಅದರ ಪೋಷಣೆ, ವಿದೇಶಗಳಲ್ಲಿ ಅದರ ವಾಸ, ವಿಮಾನದಲ್ಲಿ ಅದರ ಸಾಗಾಟ ಇವುಗಳ ವೆಚ್ಚವನ್ನು ಭರಿಸಬಲ್ಲವರು ಎಲ್ಲಿಯೂ ಕೆಲವರೇ. ಸಮಿತಿಯ ಮುಂದೆ ಬರುವ ಪಟ್ಟಿ ಸಿದ್ಧವಾಗುವ ಮೊದಲೇ ಒಂದು ದೊಡ್ಡ ಆಯ್ಕೆ ನಡೆದುಹೋಗಿರುತ್ತದೆ. ಆ ಆಯ್ಕೆಗೆ ಬರೆದಿಟ್ಟ ನಿಯಮವಿಲ್ಲ, ಅದರ ಮೇಲೆ ಮನವಿಯೂ ಇಲ್ಲ. ಅಂದು ಬಾಗಿಲಲ್ಲಿ ನಿಂತಿದ್ದ ಪದವಿಯ ಸ್ಥಾನದಲ್ಲಿ ಇಂದು ಹಣ ನಿಂತಿದೆ. ಪಟ್ಟಿಯಲ್ಲಿರುವವರ ನಡುವೆ ನ್ಯಾಯ ಮಾಡುವುದು ಆಯ್ಕೆ ಸಮಿತಿಯ ಕರ್ತವ್ಯ. ಪಟ್ಟಿಗೆ ಬರಲಾಗದೆ ಹೋದವರು ಯಾರು, ಏಕೆ ಬರಲಿಲ್ಲ ಎಂದು ವಿಚಾರಿಸುವುದು ಇತಿಹಾಸದ ವಿದ್ಯಾರ್ಥಿಯ ಕರ್ತವ್ಯ. ಕ್ರೀಡೆಗೆ ಮಾತ್ರವಲ್ಲದೆ ಆಯ್ಕೆ ನಡೆಯುವ ಎಲ್ಲ ಕ್ಷೇತ್ರಗಳಿಗೂ ಈ ಮಾತು ಸಲ್ಲುತ್ತದೆ.